ಫಿಷನ್ ಎಂಬ ಮಾತಿನ ಹುಟ್ಟು

ಸೀಳುವುದು, ಹೋಳು ಮಾಡುವುದು ಮನೆಮನೆಯ ಕೆಲಸ. ಆದರೂ ‘ಫಿಷನ್’ ಎಂದೊಡನೆ ನಮ್ಮ ವಿದ್ಯಾರ್ಥಿಗಳು ಅದೊಂದು ನಿಗೂಢ ಮಂತ್ರವೆಂಬಂತೆ ಬಾಯಿಪಾಠ ಮಾಡುತ್ತಾರೆ. ಪರಿಭಾಷೆಯನ್ನು ಅದರ ಹುಟ್ಟಿನೊಡನೆ ಕಲಿಸದಿರುವುದೇ ಇದಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯ.

ಈ ಆಂಗ್ಲ ಪದದ ಮೂಲ ಲ್ಯಾಟಿನ್ ಭಾಷೆಯ ‘ಫಿಂಡೆರೆ’, ಎಂದರೆ ಸೀಳು. ಬಂಡೆಯ ಬಿರುಕನ್ನು ಹೇಳುವ ‘ಫಿಷರ್’ ಇದರ ಒಡಹುಟ್ಟು. ಸಂಸ್ಕೃತದ ‘ಭಿದ್’ ಧಾತುವೂ ಇದೇ ಮನೆತನದ್ದೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಭೇದ, ಭಿನ್ನ ಎಂಬ ಮಾತುಗಳು ಅದರಿಂದಲೇ ಬಂದವು. ಗಣಿತದ ಭಿನ್ನರಾಶಿಯನ್ನು ಬಲ್ಲವನಿಗೆ ಫಿಷನ್ ಪರಕೀಯವಲ್ಲ.

ಭೌತವಿಜ್ಞಾನಕ್ಕೆ ಈ ಮಾತು ಬಂದದ್ದು ಜೀವವಿಜ್ಞಾನದ ಮನೆಯಿಂದ. 1938ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಹಾನ್ ಮತ್ತು ಸ್ಟ್ರಾಸ್‌ಮನ್ನರು ಯುರೇನಿಯಮ್ಮಿಗೆ ನ್ಯೂಟ್ರಾನುಗಳನ್ನು ತಾಗಿಸಿದಾಗ ಬೇರಿಯಮ್ ದೊರೆಯಿತು. ನಾಜಿಗಳಿಂದ ಪಾರಾಗಿ ಸ್ವೀಡನ್ನಿನಲ್ಲಿ ನೆಲಸಿದ್ದ ಲೀಸೆ ಮೈಟ್ನರ್ ಮತ್ತು ಆಕೆಯ ಸೋದರಿಯ ಮಗ ಆಟೊ ಫ್ರಿಷ್, ನೀರಿನ ಹನಿಯಂತೆ ಪರಮಾಣು ಬೀಜವು ನಡುವೆ ಕಿರಿದಾಗಿ ಎರಡಾಗುವುದೆಂದು ವಿವರಿಸಿದರು. ಕೋಪನ್‌ಹೇಗನ್ನಿಗೆ ಮರಳಿದ ಫ್ರಿಷ್, ಜೀವಕೋಶವು ಎರಡಾಗುವುದನ್ನು ಏನೆಂದು ಕರೆಯುವಿರೆಂದು ವಿಲಿಯಂ ಆರ್ನಲ್ಡ್ ಎಂಬ ಅಮೆರಿಕದ ಜೀವವಿಜ್ಞಾನಿಯನ್ನು ಕೇಳಿದನು. ‘ಫಿಷನ್’ ಎಂಬ ಉತ್ತರ ದೊರೆಯಿತು. 1939ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆ ಹೆಸರು ಅಚ್ಚಾಯಿತು.

ಆದರೆ ಹೋಲಿಕೆಗೂ ಎಲ್ಲೆಯುಂಟು. ಅಮೀಬದ ಮರಿಗಳೆರಡೂ ತಾಯಿಯಂತೆಯೇ ಅಮೀಬಗಳು. ಯುರೇನಿಯಮ್ಮಿನ ಹೋಳುಗಳು ಯುರೇನಿಯಮ್ ಅಲ್ಲ. 92 ಪ್ರೋಟಾನುಗಳ ಬೀಜ ಒಡೆದಾಗ 56ರ ಬೇರಿಯಮ್ಮೂ 36ರ ಕ್ರಿಪ್ಟಾನೂ ಹುಟ್ಟಬಹುದು. ಜೊತೆಗೆ ಹೊರಬೀಳುವ ನ್ಯೂಟ್ರಾನುಗಳು ಮತ್ತಷ್ಟು ಬೀಜಗಳನ್ನು ಒಡೆಯಬಲ್ಲವು. ಅಮೀಬದಲ್ಲಿ ಇಂಥ ಸರಪಣಿಯಿಲ್ಲ. ಹೆಸರಿನ ಮೂಲವನ್ನು ಅರಿತವನಿಗೆ ಮಾತ್ರವೇ ಈ ವ್ಯತ್ಯಾಸವೂ ಹೊಳೆದೀತು.

ನಮ್ಮ ಕನ್ನಡದ ‘ವಿದಳನ’ವನ್ನು ನೋಡಿರಿ. ಬೇಳೆಯಾಗಿ ಎರಡಾಗುವ ಕಾಳನ್ನು ದ್ವಿದಳ ಧಾನ್ಯವೆನ್ನುತ್ತೇವಲ್ಲವೆ? ಅಲ್ಲಿಯ ‘ದಳ’ವೇ ಇಲ್ಲಿಯೂ ಇದೆ. ಅಮೀಬಕ್ಕೂ ಯುರೇನಿಯಮ್ಮಿಗೂ ನಾವು ಅದೊಂದೇ ಪದವನ್ನು ಬಳಸುತ್ತೇವೆ. ಹೀಗಿದ್ದರೂ ಜೀವಶಾಸ್ತ್ರದ ಪಾಠದಲ್ಲೊಮ್ಮೆ, ಭೌತಶಾಸ್ತ್ರದ ಪಾಠದಲ್ಲೊಮ್ಮೆ ಅದನ್ನು ಓದುವ ವಿದ್ಯಾರ್ಥಿಗೆ ಇವೆರಡರ ನಂಟನ್ನು ಹೇಳುವವರು ವಿರಳ. ಅಧ್ಯಾಪಕರು ಐದು ನಿಮಿಷವನ್ನು ಇದಕ್ಕೆ ಮೀಸಲಿಡಲಿ. ಅವರು ಮರೆತರೆ ವಿದ್ಯಾರ್ಥಿಗಳೇ ಎದ್ದುನಿಂತು ಕೇಳಲಿ. ಫ್ರಿಷ್ ಕೂಡ ತನಗೆ ತಿಳಿಯದ್ದನ್ನು ಪಕ್ಕದ ಶಾಸ್ತ್ರದವನಲ್ಲಿ ಕೇಳಿಯೇ ತಿಳಿದನಷ್ಟೆ.