ಚೀಟಿಯನ್ನು ಓದಿಹೇಳುವ ವಿದ್ಯೆ

ಕಾಲೇಜಿನ ವಿದ್ಯಾರ್ಥಿಗೆ ಆಸ್ಪತ್ರೆಯಲ್ಲಿ ಏನು ಕೆಲಸ? ವೈದ್ಯಶಾಸ್ತ್ರವನ್ನು ಓದುತ್ತಿರುವವರನ್ನು ಕುರಿತು ನಾನು ಕೇಳುತ್ತಿಲ್ಲ. ಸಾಹಿತ್ಯವನ್ನೋ ಚರಿತ್ರೆಯನ್ನೋ ವಾಣಿಜ್ಯವನ್ನೋ ಓದುತ್ತ, ಬಿಡುವಿನ ವೇಳೆಯಲ್ಲಿ ಆಸ್ಪತ್ರೆಗೆ ಸ್ವಯಂಸೇವಕರಾಗಿ ಹೋಗುವ ಹುಡುಗ ಹುಡುಗಿಯರನ್ನು ಕುರಿತು ಈ ಪ್ರಶ್ನೆ. ಇದಕ್ಕೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಸೇವೆಯಿಂದ ಶೀಲ ಬೆಳೆಯುತ್ತದೆ, ಆದುದರಿಂದ ಎಲ್ಲರೂ ಹೋಗಲಿ ಎನ್ನುವವರು ಕೆಲವರು. ಔಷಧದ ಗಂಧವಿಲ್ಲದವರು ಅಲ್ಲಿಗೆ ಹೋದರೆ ನಡೆಯುವವರ ದಾರಿಗೆ ಅಡ್ಡವಾದಾರು, ಅಷ್ಟೆ ಎನ್ನುವವರು ಮತ್ತೆ ಕೆಲವರು. ಎರಡು ಉತ್ತರಗಳೂ ವಿದ್ಯಾರ್ಥಿಯನ್ನೇ ನೋಡುತ್ತವೆ. ರೋಗಿಯ ಕಡೆಗೆ ತಿರುಗುವುದಿಲ್ಲ. ರೋಗಿಗೆ ಏನು ಬೇಕಾಗಿದೆ ಎಂಬಲ್ಲಿಂದ ವಿಚಾರವನ್ನು ಪ್ರಾರಂಭಿಸಿದರೆ ಉತ್ತರ ಬೇರೆಯಾಗುತ್ತದೆಂದು ನನ್ನ ಅಭಿಪ್ರಾಯ.

ಗುಬ್ಬಿಯಂಥ ಒಂದು ಊರನ್ನು ತೆಗೆದುಕೊಳ್ಳೋಣ. ತುಮಕೂರಿಗೆ ಹತ್ತಿರವಿದ್ದರೂ ತನ್ನದೇ ಆದ ಸೀಮೆಯುಳ್ಳ ತಾಲ್ಲೂಕು ಕೇಂದ್ರ ಅದು. ನಿಟ್ಟೂರು, ಕಡಬ, ಚೇಳೂರು, ಹಾಗಲವಾಡಿ, ಚಂದ್ರಶೇಖರಪುರ ಈ ಹೋಬಳಿಗಳ ಜನ ಸಂತೆಗೆ, ಕಚೇರಿಗೆ ಬರುವಂತೆಯೇ ಸರ್ಕಾರಿ ಆಸ್ಪತ್ರೆಗೂ ಬರುತ್ತಾರೆ. ತೆಂಗು ಅಡಿಕೆಯ ತೋಟಗಳಲ್ಲಿ, ರಾಗಿಯ ಹೊಲಗಳಲ್ಲಿ ದುಡಿಯುವವರು, ಕುರಿ ಮೇಯಿಸುವವರು, ಮಕ್ಕಳು ಪಟ್ಟಣ ಸೇರಿದ ಮೇಲೆ ಹಳ್ಳಿಯ ಮನೆಯಲ್ಲಿ ಉಳಿದ ಮುದುಕ ಮುದುಕಿಯರು. ಇಂಥ ಯಾವ ತಾಲ್ಲೂಕು ಆಸ್ಪತ್ರೆಯಲ್ಲಾದರೂ ಬೆಳಗಿನ ನೋಟ ಒಂದೇ. ಸರದಿಯಲ್ಲಿ ನಿಂತು ಚೀಟಿ ಮಾಡಿಸಬೇಕು. ವೈದ್ಯರ ಕೊಠಡಿಯ ಮುಂದೆ ಕಾಯಬೇಕು. ರಕ್ತಪರೀಕ್ಷೆಗೆ ಒಂದು ಕಡೆ, ಔಷಧಕ್ಕೆ ಇನ್ನೊಂದು ಕಡೆ ನಡೆಯಬೇಕು. ಇವೆಲ್ಲ ಮುಗಿದು ಊರಿನ ಬಸ್ಸು ತಪ್ಪದಂತೆ ಹೊರಡಬೇಕು. ವೈದ್ಯರು ಒಬ್ಬೊಬ್ಬರಿಗೆ ಕೊಡಬಲ್ಲ ಕಾಲ ಕೆಲವೇ ನಿಮಿಷ. ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ; ಬಾಗಿಲಾಚೆ ಕಾದಿರುವವರ ಸಂಖ್ಯೆಯೇ ಅಷ್ಟು.

ಇಲ್ಲಿಗೆ ಬರುವ ವಿದ್ಯಾರ್ಥಿಯ ಮೊದಲ ದಿನಗಳ ಅನುಭವವೂ ಬಹುಮಟ್ಟಿಗೆ ಒಂದೇ ರೀತಿಯದು. ಗಾಯಕ್ಕೆ ಪಟ್ಟಿ ಕಟ್ಟುವುದು, ನಾಡಿ ನೋಡುವುದು ಮುಂತಾದುದನ್ನು ಕಲ್ಪಿಸಿಕೊಂಡು ಅವನು ಬಂದಿರುತ್ತಾನೆ. ಅವುಗಳಲ್ಲಿ ಒಂದನ್ನೂ ಯಾರೂ ಅವನ ಕೈಗೆ ಕೊಡುವುದಿಲ್ಲ, ಕೊಡಲೂಬಾರದು. ದಾದಿಯರು ನಿಲ್ಲದೆ ಓಡಾಡುತ್ತಿರುವಾಗ ತಾನೊಬ್ಬನು ಗೋಡೆಗೊರಗಿ ನಿಂತಿರುವುದು ಅವನಿಗೆ ನಾಚಿಕೆಯನ್ನುಂಟುಮಾಡುತ್ತದೆ. ನರಳಾಟವನ್ನು ಕೇಳಿ, ರಕ್ತವನ್ನು ಕಂಡು, ನಾಳೆ ಬರಬೇಕೋ ಬೇಡವೋ ಎಂದು ಅನುಮಾನಿಸುವುದೂ ಉಂಟು. ಹೀಗೆ ಎರಡು ಮೂರು ದಿನ ಕಳೆಯುವಷ್ಟರಲ್ಲಿ ಯಾರೋ ಒಬ್ಬ ಅಜ್ಜಿ ಕಾಗದವೊಂದನ್ನು ಚಾಚಿ, “ಇದ್ರಾಗೆ ಏನ್ ಬರ್ದವ್ರೆ, ವಸಿ ನೋಡಪ್ಪ” ಎನ್ನುತ್ತಾಳೆ. ಅವನ ನಿಜವಾದ ಕೆಲಸ ಅಲ್ಲಿಂದ ಮೊದಲಾಗುತ್ತದೆ.

ಆ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದ ಔಷಧದ ಹೆಸರು, ಅದರ ಪಕ್ಕದಲ್ಲಿ ಒಂದು, ಸೊನ್ನೆ, ಒಂದು ಎಂದು ಮೂರು ಅಂಕಿಗಳು. ಬೆಳಗ್ಗೆ ಒಂದು ಮಾತ್ರೆ, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಅದರ ಅರ್ಥ. ತಿಳಿದವರಿಗೆ ಇದಕ್ಕಿಂತ ಸುಲಭವಾದ ಬರಹವಿಲ್ಲ. ತಿಳಿಯದವರ ಕಣ್ಣಿಗೆ ಅದು ನೂರ ಒಂದು. ವೈದ್ಯರು ಬಾಯಲ್ಲಿಯೂ ಹೇಳಿರುತ್ತಾರೆ, ಔಷಧ ಕೊಡುವವರೂ ಹೇಳಿರುತ್ತಾರೆ. ಆದರೆ ನೋವು, ಅಂಜಿಕೆ, ಬಸ್ಸಿನ ಅವಸರ ಈ ಮೂರೂ ಸೇರಿರುವ ಮನಸ್ಸಿನಲ್ಲಿ ಒಮ್ಮೆ ಕೇಳಿದ ಮಾತು ನಿಲ್ಲುವುದು ಕಷ್ಟ. ಮೂರು ಬಗೆಯ ಮಾತ್ರೆಗಳಿದ್ದರಂತೂ ಯಾವುದು ಊಟಕ್ಕೆ ಮೊದಲು, ಯಾವುದು ಊಟದ ಮೇಲೆ ಎಂಬುದು ಆಸ್ಪತ್ರೆಯ ಅಂಗಳವನ್ನು ದಾಟುವಷ್ಟರಲ್ಲಿ ಕಲಸಿಹೋಗುತ್ತದೆ.

ಇದನ್ನು ಅಲ್ಪ ವಿಷಯವೆಂದು ತಿಳಿಯುವವರು ಹುಚ್ಚುನಾಯಿ ಕಡಿತವನ್ನು ನೆನೆಯಲಿ. ಆ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮೊದಲೇ ಚುಚ್ಚುಮದ್ದು ಪೂರ್ಣವಾಗಬೇಕು. ಚರ್ಮಕ್ಕೆ ಹಾಕುವ ಚುಚ್ಚುಮದ್ದಾದರೆ ಅದನ್ನು ನಮ್ಮ ದೇಶದಲ್ಲಿ ಮೊದಲ ದಿನ, ಆಮೇಲೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನಗಳಲ್ಲಿ ಕೊಡುತ್ತಾರೆ. ಮೊದಲ ದಿನವನ್ನು ಸೊನ್ನೆಯೆಂದು ಎಣಿಸುವುದು ವೈದ್ಯರ ಲೆಕ್ಕ; ಅದನ್ನೇ ಒಂದೆಂದು ಎಣಿಸುವುದು ನಮ್ಮ ಹಳ್ಳಿಯ ಲೆಕ್ಕ. ಈ ಒಂದು ದಿನದ ಅಂತರದಲ್ಲಿಯೇ ಗೊಂದಲ ಹುಟ್ಟುತ್ತದೆ. ಮೊದಲನೆಯದು ಸೋಮವಾರವಾದರೆ ಎರಡನೆಯದು ಗುರುವಾರ, ಮೂರನೆಯದು ಮರುಸೋಮವಾರ, ಕೊನೆಯದು ಮೊದಲ ದಿನದಿಂದ ನಾಲ್ಕು ವಾರ ತುಂಬಿದ ಸೋಮವಾರ ಎಂದು ದಾದಿಯರನ್ನು ಕೇಳಿ ದೃಢಪಡಿಸಿಕೊಂಡು, ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಟ್ಟು, ಕುರಿಯವನಿಂದ ಒಮ್ಮೆ ತಿರುಗಿ ಹೇಳಿಸುವುದಕ್ಕೆ ಎಷ್ಟು ವಿದ್ಯೆ ಬೇಕು? ಅಷ್ಟು ವಿದ್ಯೆ ಒಂದು ಜೀವವನ್ನು ಉಳಿಸಬಲ್ಲದು.

ಕ್ಷಯದ ವಿಷಯವೂ ಇಂಥದೇ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಔಷಧ ತೆಗೆದುಕೊಳ್ಳುವುದು ವಾಡಿಕೆಯ ಚಿಕಿತ್ಸೆ. ಎರಡು ತಿಂಗಳೊಳಗೆ ಕೆಮ್ಮು ಇಳಿದು, ಊಟ ಸೇರಿ, ಮೈ ಹಗುರವಾಗುತ್ತದೆ; ರೋಗ ಹೋಯಿತೆಂದು ರೋಗಿ ಔಷಧವನ್ನು ಬಿಡುತ್ತಾನೆ. ಹೀಗೆ ನಡುವೆ ಬಿಟ್ಟ ಔಷಧಕ್ಕೆ ಮುಂದೆ ರೋಗ ಬಗ್ಗದಿರುವ ಅಪಾಯವುಂಟು. “ಗುಣವಾದಂತೆ ಕಂಡರೂ ಗುಣವಾಗಿಲ್ಲ” ಎಂಬ ಮಾತನ್ನು ಮನಸ್ಸಿಗೆ ನಾಟುವಂತೆ ಹೇಳುವುದು ಔಷಧಶಾಸ್ತ್ರದಷ್ಟೇ ಭಾಷೆಗೂ ಸೇರಿದ ಕೆಲಸ.

ಇನ್ನು ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದಾಗ ಆತನ ಕೈಯಲ್ಲಿರುವುದು ಒಂದು ಕಾಗದ ಮಾತ್ರ. ತುಮಕೂರಿನ ಜಿಲ್ಲಾ ಆಸ್ಪತ್ರೆಗೋ, ಅಲ್ಲಿಂದ ಬೆಂಗಳೂರಿಗೋ ಹೋಗಬೇಕು. ಬೆಂಗಳೂರೆಂದರೆ ಒಂದು ಆಸ್ಪತ್ರೆಯಲ್ಲ. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ನರ ಮತ್ತು ಮನಸ್ಸಿನ ರೋಗಗಳಿಗೆ ನಿಮ್ಹಾನ್ಸ್. ಮಾರುಕಟ್ಟೆಯ ಬಳಿ ವಿಕ್ಟೋರಿಯಾ ಬೇರೆ. ಯಾವ ಬಸ್ಸು ಹತ್ತಬೇಕು, ಯಾವ ಬಾಗಿಲಲ್ಲಿ ಕೇಳಬೇಕು, ಪಡಿತರ ಚೀಟಿ ಆಧಾರ್ ಮೊದಲಾದ ಯಾವ ಕಾಗದಗಳನ್ನು ಜೊತೆಗೆ ಒಯ್ಯಬೇಕು ಎಂದು ಹೇಳುವವರಿಲ್ಲದೆ ಮನೆಗೆ ಹಿಂದಿರುಗಿ ಸುಮ್ಮನಾಗುವವರೂ ಇರುತ್ತಾರೆ. ಚಿಕಿತ್ಸೆ ಇರಲಿಲ್ಲವೆಂದಲ್ಲ, ಚಿಕಿತ್ಸೆಯ ಬಾಗಿಲು ಯಾವುದೆಂದು ತಿಳಿಯದೆ ಅವರು ಹಿಂದುಳಿಯುತ್ತಾರೆ.

ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿಯೇ ಬರೆಯುವಂತಾಗಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರವು ೨೦೨೪ರಲ್ಲಿ ಸರ್ಕಾರವನ್ನು ಕೋರಿತು. ಆ ಕೋರಿಕೆ ಉಚಿತವಾದುದು. ಔಷಧದ ಹೆಸರು ಅಂಗಡಿಯವನಿಗೆ ತಿಳಿಯುವ ಲಿಪಿಯಲ್ಲಿದ್ದರೂ ಚಿಂತೆಯಿಲ್ಲ. ಯಾವಾಗ, ಎಷ್ಟು, ಎಷ್ಟು ದಿನ ಎಂಬ ಮಾತು ರೋಗಿಯ ಸ್ವತ್ತು, ಅದು ರೋಗಿಯ ಭಾಷೆಯಲ್ಲಿರಬೇಕು. ಆದರೆ ಕನ್ನಡದಲ್ಲಿ ಬರೆದ ಮಾತ್ರಕ್ಕೆ ಓದುಬಾರದವರಿಗೆ ಅದು ತಿಳಿದಂತಾಗಲಿಲ್ಲ. ಬರೆದುದನ್ನು ಬಾಯಲ್ಲಿ ಹೇಳುವವರು ಆಗಲೂ ಬೇಕು.

ಇಂಥ ಕೆಲಸಕ್ಕೆ ಚರಿತ್ರೆಯಿಲ್ಲದಿಲ್ಲ. ೧೮೯೫ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯು ಮೇರಿ ಸ್ಟೂವರ್ಟ್ ಎಂಬಾಕೆಯನ್ನು ನೇಮಿಸಿತು. ಆಕೆ ವೈದ್ಯೆಯಲ್ಲ, ರೋಗಿಯ ಮನೆಯ ಸ್ಥಿತಿಯನ್ನು ವಿಚಾರಿಸಿ, ನೆರವು ಎಲ್ಲಿ ದೊರೆತೀತೆಂದು ದಾರಿ ತೋರಿಸುವುದು ಆಕೆಯ ಕೆಲಸಗಳಲ್ಲೊಂದು. ೧೯೦೫ರಲ್ಲಿ ಬಾಸ್ಟನ್ ನಗರದಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು, ರೋಗಿಯ ಮನೆಯ ಬಡತನವನ್ನರಿಯದೆ ಬರೆದುಕೊಟ್ಟ ಔಷಧ ವ್ಯರ್ಥವೆಂದು ಕಂಡುಕೊಂಡು, ತಮ್ಮ ಆಸ್ಪತ್ರೆಯಲ್ಲಿ ಇದೇ ಬಗೆಯ ಏರ್ಪಾಡು ಮಾಡಿದರು. ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಅಂಥ ನೇಮಕವಾದುದು ೧೯೪೬ರಲ್ಲಿ.

ನಮ್ಮ ನಾಡಿನ ಉದಾಹರಣೆಯೊಂದನ್ನು ಹೇಳುವುದಾದರೆ, ೧೯೮೪ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರೂ ಅವರ ಗೆಳೆಯರೂ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬಡರೋಗಿಗಳಿಗೆ ಔಷಧವನ್ನೂ ರಕ್ತವನ್ನೂ ಒದಗಿಸುವುದು ಅವರ ಮೊದಮೊದಲ ಕೆಲಸಗಳಲ್ಲಿ ಸೇರಿತ್ತು. ಮುಂದೆ ಅದು ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ನಡುವೆ ಬೇರುಬಿಟ್ಟು, ಸರಗೂರಿನಲ್ಲಿ ಆಸ್ಪತ್ರೆಯಾಗಿ ನಿಂತಿತು. ಅವರು ವೈದ್ಯವಿದ್ಯಾರ್ಥಿಗಳೇ ಹೌದು. ಆದರೆ ಪ್ರಾರಂಭದಲ್ಲಿ ಅವರು ಕೊಟ್ಟದ್ದು ಚಿಕಿತ್ಸೆಯನ್ನಲ್ಲ, ಚಿಕಿತ್ಸೆಗೂ ರೋಗಿಗೂ ನಡುವಣ ಅಂತರವನ್ನು ತುಂಬುವ ಓಡಾಟವನ್ನು.

ಈ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ಮುಚ್ಚಿಡುವುದು ಸಲ್ಲದು. ಸಂಬಳ ಕೊಟ್ಟು ನೇಮಿಸಬೇಕಾದವರ ಸ್ಥಾನದಲ್ಲಿ ವಿದ್ಯಾರ್ಥಿಗಳನ್ನು ನಿಲ್ಲಿಸಿ ಸರ್ಕಾರ ಕೈತೊಳೆದುಕೊಂಡೀತು ಎಂಬುದು ಒಂದು. ಈ ಭಯ ನಿರಾಧಾರವಲ್ಲ. ದಾದಿಯ ಕೆಲಸ, ಔಷಧಾಲಯದ ಕೆಲಸ, ಶುಚಿಗೊಳಿಸುವ ಕೆಲಸ ಇವು ಯಾವುವನ್ನೂ ಸ್ವಯಂಸೇವಕನಿಗೆ ವಹಿಸಕೂಡದು. ಅವನು ಒಂದು ದಿನ ಬಾರದಿದ್ದರೆ ಆಸ್ಪತ್ರೆ ನಿಲ್ಲುವಂತಾಗಬಾರದು. ರೋಗಿಯ ಗುಟ್ಟು ಊರ ಮಾತಾದೀತು ಎಂಬುದು ಮತ್ತೊಂದು. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ಕಾಯಿಲೆಯ ಹೆಸರೊಂದು ಹೊರಬಿದ್ದರೆ ಒಂದು ಮದುವೆಯ ಮಾತು ಮುರಿಯಬಹುದು. ಮೊಬೈಲ್ ಫೋನು ಪ್ರತಿ ಜೇಬಿನಲ್ಲಿರುವ ಈ ಕಾಲದಲ್ಲಿ ಚೀಟಿಯ ಚಿತ್ರವನ್ನಾಗಲಿ ರೋಗಿಯ ಚಿತ್ರವನ್ನಾಗಲಿ ತೆಗೆಯಬಾರದೆಂಬುದು ಮೊದಲ ಪಾಠವಾಗಬೇಕು. ಕೇರಳದ ಕೋಳಿಕ್ಕೋಡಿನಲ್ಲಿ ೧೯೯೩ರಲ್ಲಿ ಹುಟ್ಟಿದ ಉಪಶಮನ ಚಿಕಿತ್ಸೆಯ ಸಂಸ್ಥೆಯಿಂದ ಹಬ್ಬಿದ ಸೇವೆಯಲ್ಲಿ ಊರಿನವರೂ ವಿದ್ಯಾರ್ಥಿಗಳೂ ಪಾಲುಗೊಂಡಿದ್ದಾರೆ. ಅಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಡುವುದು ಸೇವೆಯ ಒಂದು ಅಂಗವೇ ಆಗಿದೆ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರವೆಂದು ನನಗೆ ತೋರುತ್ತದೆ: ಪ್ರಮಾಣಪತ್ರದ ಆಸೆ. ಗಾಂಧೀಜಿಯವರ ಶತಮಾನೋತ್ಸವದ ವರ್ಷವಾದ ೧೯೬೯ರಲ್ಲಿ ಮೂವತ್ತೇಳು ವಿಶ್ವವಿದ್ಯಾನಿಲಯಗಳಲ್ಲಿ ಮೊದಲಾದ ರಾಷ್ಟ್ರೀಯ ಸೇವಾ ಯೋಜನೆಯು ವಿದ್ಯಾರ್ಥಿಯಿಂದ ಎರಡು ವರ್ಷಗಳಲ್ಲಿ ೨೪೦ ಗಂಟೆಗಳ ಸೇವೆಯನ್ನು ನಿರೀಕ್ಷಿಸುತ್ತದೆ. ಗಂಟೆಗಳ ಲೆಕ್ಕವಿಲ್ಲದೆ ಶಿಸ್ತು ಬಾರದೆಂಬುದು ನಿಜ. ಆದರೆ ಲೆಕ್ಕವೇ ಗುರಿಯಾದಾಗ ಹುಡುಗ ಗಡಿಯಾರವನ್ನು ನೋಡುತ್ತಾನೆ, ರೋಗಿ ಅವನ ಗಂಟೆಯನ್ನು ತುಂಬಿಸುವ ಸಾಧನವಾಗುತ್ತಾನೆ. ಈಗ ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ನಡೆಯುವ ಏರ್ಪಾಡುಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ. ವಿದ್ಯಾರ್ಥಿ ಎಷ್ಟು ಹೊತ್ತು ನಿಂತ ಎಂದು ಕೇಳುವುದರ ಜೊತೆಗೆ, ಎಷ್ಟು ಜನ ತಮ್ಮ ಚೀಟಿಯನ್ನು ತಾವೇ ತಿರುಗಿ ಹೇಳಬಲ್ಲವರಾಗಿ ಮನೆಗೆ ಹೋದರು ಎಂದು ಉಪಾಧ್ಯಾಯರು ಕೇಳಲಿ.

ಗುಬ್ಬಿಯ ಹೆಸರು ನಾಡಿಗೆಲ್ಲ ತಿಳಿದದ್ದು ೧೮೮೪ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯಿಂದ. ಕಂಪನಿ ನಾಟಕಗಳಲ್ಲಿ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ನಟನಿಗೆ ಮಾತು ಮರೆತಾಗ ಮೆಲ್ಲಗೆ ನೆನಪಿಸುವವನೊಬ್ಬನಿರುತ್ತಿದ್ದ. ಅವನು ತನ್ನ ಮಾತನ್ನು ಸೇರಿಸುವಂತಿಲ್ಲ, ಪುಸ್ತಕದಲ್ಲಿಲ್ಲದುದನ್ನು ಊಹಿಸುವಂತಿಲ್ಲ, ರಂಗದ ಮೇಲೆ ಬರುವಂತೆಯೂ ಇಲ್ಲ. ಆಸ್ಪತ್ರೆಯ ವಿದ್ಯಾರ್ಥಿಗೂ ಇದೇ ನಿಯಮ. ಅಕ್ಷರ ತಿಳಿಯದಿದ್ದರೆ ಊಹಿಸಬಾರದು, ಹಿಂದಿರುಗಿ ಕೇಳಬೇಕು. “ಈ ಮಾತ್ರೆ ಬೇಡ ಬಿಡಿ” ಎಂಬ ಒಂದು ಮಾತು ಅವನ ಬಾಯಿಂದ ಬಂದರೆ ಅವನು ಸೇವೆ ಬಿಟ್ಟು ಹಾನಿಗೆ ಇಳಿದನೆಂದೇ ಅರ್ಥ.

ಈ ಕೆಲಸಕ್ಕೆ ನಾವು ವಿಜ್ಞಾನದ ವಿದ್ಯಾರ್ಥಿಗಳನ್ನು ಮೊದಲು ನೆನೆಯುತ್ತೇವೆ. ಕನ್ನಡವನ್ನು ಓದುವ ವಿದ್ಯಾರ್ಥಿಗಳನ್ನು ಮೊದಲು ಕಳುಹಿಸಬೇಕೆಂದು ನಾನು ಹೇಳುತ್ತೇನೆ. ಕಠಿಣವಾದ ಮಾತನ್ನು ಸುಲಭಗೊಳಿಸಿಯೂ ಅರ್ಥ ಕೆಡದಂತೆ ಹೇಳುವುದು, ಎದುರಿಗಿರುವವರ ಮಾತಿನ ಬಗೆಯನ್ನು ಗುರುತಿಸುವುದು, ಅವರು ಹೇಳದೆ ಬಿಟ್ಟುದನ್ನು ಕೇಳಿಸಿಕೊಳ್ಳುವುದು ಇವೇ ಅಲ್ಲವೆ ನಾವು ಸಾಹಿತ್ಯದ ತರಗತಿಯಲ್ಲಿ ಕಲಿಸುತ್ತೇವೆಂದು ಹೇಳಿಕೊಳ್ಳುವುದು? “ಹೊಟ್ಟೆಯಲ್ಲಿ ಸಂಕಟ” ಎಂದು ಮುದುಕಿ ಹೇಳುವಾಗ ಅದು ಉರಿಯೋ, ನೋವೋ, ವಾಕರಿಕೆಯೋ, ಮಗ ಬಾರದ ದುಃಖವೋ ಎಂದು ತಾಳ್ಮೆಯಿಂದ ಕೇಳಿ, ಆಕೆಯ ಮಾತನ್ನೇ ವೈದ್ಯರಿಗೆ ತಲುಪಿಸುವುದು ಒಂದು ವ್ಯಾಖ್ಯಾನಕ್ಕಿಂತ ಕಡಮೆಯ ಅಭ್ಯಾಸವಲ್ಲ.

ಇದಕ್ಕೆ ದೊಡ್ಡ ಯೋಜನೆಯೂ ಹೆಚ್ಚಿನ ಹಣವೂ ಬೇಡ. ಹೊರರೋಗಿಗಳ ವಿಭಾಗದ ಬಾಗಿಲಲ್ಲಿ ಒಂದು ಮೇಜು. ಬೆಳಗಿನ ಹೊತ್ತು ಇಬ್ಬರು ವಿದ್ಯಾರ್ಥಿಗಳು. ಅವರ ಮೇಲೆ ಹಿರಿಯ ದಾದಿಯೊಬ್ಬರ ಕಣ್ಣು. ಮೊದಲಿಗೆ ಒಂದು ವಾರದ ಪಾಠ. ದಪ್ಪ ಅಕ್ಷರದಲ್ಲಿ ಬರೆಯಲು ಬಿಳಿಯ ಕಾಗದ. ಗುಬ್ಬಿಯ ಕಾಲೇಜುಗಳ ಅಧ್ಯಾಪಕರೂ ಆಸ್ಪತ್ರೆಯ ವೈದ್ಯರೂ ಒಂದು ಸಂಜೆ ಕುಳಿತು ಮಾತಾಡಿದರೆ ಮುಂದಿನ ಸೋಮವಾರದಿಂದಲೇ ಇದನ್ನು ಪ್ರಾರಂಭಿಸಬಹುದು. ಕುಣಿಗಲ್, ತಿಪಟೂರುಗಳಿಗೆ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.