ಬಡ್ಡಿ ಲೆಕ್ಕ ಕಲಿಯುವವರು ‘ಜಿಪುಣ’ನನ್ನೂ ಓದಲಿ

‘ಕಾಮರ್ಸ್‌ನವರಿಗೆ ನಾಟಕ ಯಾಕೆ?’ ನಮ್ಮ ವಿಭಾಗದಲ್ಲಿ ಆಗಾಗ ಕೇಳಿಬರುವ ಮಾತಿದು. ಸಾರಾಂಶ ಓದಿ ಮಾರ್ಕ್ಸ್ ತೆಗೆದರೆ ಸಾಕು ಎಂಬುದು ಹಲವರ ಲೆಕ್ಕಾಚಾರ. ಫ್ರೆಂಚ್ ನಾಟಕಕಾರ ಮೋಲಿಯೇರ್‌ನ ‘ಜಿಪುಣ’ ನಾಟಕವನ್ನು ಮಾತ್ರ ನಾವು ಪೂರ್ತಿಯಾಗಿ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಈ ನಾಟಕ ಮೊದಲು ಪ್ರದರ್ಶನಗೊಂಡದ್ದು 1668ರಲ್ಲಿ, ಪ್ಯಾರಿಸ್‌ನಲ್ಲಿ. ಜಿಪುಣ ಹಾರ್ಪಗಾನ್‌ನ ಪಾತ್ರವನ್ನು ಮೋಲಿಯೇರ್ ತಾನೇ ಮಾಡಿದ್ದ. ಹಾರ್ಪಗಾನ್ ತನ್ನ ಹಣವನ್ನು ತೋಟದಲ್ಲಿ ಹೂತಿಟ್ಟು, ಮಕ್ಕಳನ್ನೂ ಆಳುಗಳನ್ನೂ ಕಳ್ಳರಂತೆ ಅನುಮಾನಿಸುತ್ತಾನೆ. ಸಾರಾಂಶ ಓದಿದರೆ ‘ದುರಾಸೆ ಕೆಟ್ಟದ್ದು’ ಎಂಬ ಒಂದು ಸಾಲು ಸಿಗುತ್ತದೆ. ನಿಜವಾದ ಪಾಠ ದೃಶ್ಯಗಳ ಒಳಗಿದೆ.

ಎರಡನೇ ಅಂಕವನ್ನೇ ನೋಡಿ. ಹಾರ್ಪಗಾನ್‌ನ ಮಗ ಕ್ಲೆಯಾಂತ್ ದಲ್ಲಾಳಿಯ ಮೂಲಕ, ಯಾರೆಂದು ತಿಳಿಯದ ಸಾಹುಕಾರನಿಂದ 15,000 ಫ್ರಾಂಕ್ ಸಾಲ ಕೇಳುತ್ತಾನೆ. ಬಡ್ಡಿ 18ಕ್ಕೆ 1ರಂತೆ, ಅಂದರೆ ಸುಮಾರು ಶೇ. 5.5. ಮಗನಿಗೆ ಸಂತೋಷವಾಗುತ್ತದೆ. ಆದರೆ ಮುಂದಿನ ಷರತ್ತು ಬೇರೆ. ಸಾಹುಕಾರನ ಕೈಯಲ್ಲಿ ಹಣವಿಲ್ಲವಂತೆ, ಅವನೂ ಶೇ. 20ರ ಬಡ್ಡಿಗೆ ತರಬೇಕಂತೆ, ಅದನ್ನೂ ಸಾಲಗಾರನೇ ಕೊಡಬೇಕಂತೆ. ಕೊನೆಯ ಷರತ್ತಿನಲ್ಲಿ ನಗದು 12,000 ಮಾತ್ರ. ಉಳಿದ 3,000ಕ್ಕೆ ಹಳೆಯ ಮಂಚ, ಬಂದೂಕು, ಹುಲ್ಲು ತುಂಬಿದ ಹಲ್ಲಿಯ ಚರ್ಮ! ಲೆಕ್ಕ ಹಾಕಿದರೆ 15,000ಕ್ಕೆ ವರ್ಷದ ಬಡ್ಡಿ ಸುಮಾರು 3,833. ಕೈಗೆ ಬರುವ ನಗದಿನ ಮೇಲೆ ಅದು ಸುಮಾರು ಶೇ. 32 ಆಗುತ್ತದೆ. ಆ ಸಾಹುಕಾರ ಬೇರೆ ಯಾರೂ ಅಲ್ಲ, ಸ್ವಂತ ತಂದೆಯೇ.

ಬಡ್ಡಿ ಹರಾಮ್ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ತರಗತಿಯಲ್ಲಿ ಬಡ್ಡಿಯ ಲೆಕ್ಕವನ್ನೂ ಮಾಡುತ್ತೇವೆ. ಅದು ಮನುಷ್ಯರ ನಡುವೆ ಏನು ಮಾಡುತ್ತದೆ ಎಂಬುದು ಈ ದೃಶ್ಯದಲ್ಲಿ ಕಾಣುತ್ತದೆ. ಶುಲ್ಕ ಮುರಿದುಕೊಂಡು ಉಳಿದದ್ದನ್ನು ಕೊಟ್ಟು, ಪೂರ್ತಿ ಮೊತ್ತಕ್ಕೆ ಬಡ್ಡಿ ಹಾಕುವ ಇಂದಿನ ಸಾಲದ ಆ್ಯಪ್‌ಗಳದ್ದೂ ಇದೇ ಲೆಕ್ಕ.

ಮೊದಲ ಅಂಕದ ಇನ್ನೊಂದು ದೃಶ್ಯ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಹಾರ್ಪಗಾನ್ ಮಗಳು ಎಲೀಜ್‌ಳನ್ನು ಐವತ್ತರ ಆಸುಪಾಸಿನ ಶ್ರೀಮಂತನಿಗೆ ಕೊಡಲು ಹೊರಡುತ್ತಾನೆ. ಮಗಳು ಬೇಡವೆಂದರೂ ಅವನದು ಒಂದೇ ಉತ್ತರ: ವರ ವರದಕ್ಷಿಣೆ ಕೇಳುವುದಿಲ್ಲ. ನಮ್ಮ ಮನೆಗಳಲ್ಲಿ ‘ಜಹೇಜ್ ಬೇಡ’ ಎನ್ನುವ ಗಂಡಿಗೆ ಗೌರವವಿದೆ, ಇರಲೇಬೇಕು. ಆದರೆ ಹಣ ಕೇಳದಿದ್ದ ಮಾತ್ರಕ್ಕೆ ಮದುವೆ ನ್ಯಾಯವಾಗುವುದಿಲ್ಲ. ಹುಡುಗಿಯ ಒಪ್ಪಿಗೆಯನ್ನೂ ಕೇಳಬೇಕು. ನಮ್ಮ ನಿಕಾಹ್‌ನಲ್ಲೂ ಅವಳ ಒಪ್ಪಿಗೆಗೆ ಜಾಗ ಇರುವುದು ಅದಕ್ಕೇ. ಒಳ್ಳೆಯ ಮಾತನ್ನೂ ಜಿಪುಣನೊಬ್ಬ ತನ್ನ ಉಳಿತಾಯಕ್ಕೆ ಹೇಗೆ ಬಳಸಿಕೊಳ್ಳುತ್ತಾನೆ ಎಂದು ಮೋಲಿಯೇರ್ ನಗಿಸುತ್ತಲೇ ತೋರಿಸಿದ್ದಾನೆ.

ತಂದೆಯನ್ನು ಗೇಲಿ ಮಾಡುವ ನಾಟಕ ನಮಗೆ ಬೇಕೇ ಎಂದು ಹಿರಿಯರು ಕೇಳಬಹುದು. ಈ ಆಕ್ಷೇಪ ಹಳೆಯದು. 1758ರಲ್ಲಿ ರೂಸೋ ಕೂಡ ಇದನ್ನೇ ಎತ್ತಿದ್ದ: ಜಿಪುಣತನ ತಪ್ಪು, ಆದರೆ ತಂದೆಗೆ ಅಗೌರವ ತೋರುವ ಮಗನದು ಇನ್ನೂ ದೊಡ್ಡ ತಪ್ಪು ಎಂದು. ಈ ಮಾತಿಗೆ ತೂಕವಿದೆ. ಆದರೂ ನಾಟಕ ಅಗೌರವವನ್ನು ಕಲಿಸುತ್ತದೆ ಎಂದು ನನಗನಿಸುವುದಿಲ್ಲ. ಮಗನನ್ನು ಸಾಲಗಾರನಂತೆ ಕಂಡರೆ ಮನೆಯಲ್ಲಿ ಗೌರವ ಹೇಗೆ ಸಾಯುತ್ತದೆ ಎಂದು ಅದು ಎಚ್ಚರಿಸುತ್ತದೆ. ಕೊನೆಯಲ್ಲಿ ಮಕ್ಕಳ ಮದುವೆ ಕೂಡಿಬಂದಾಗಲೂ ಹಾರ್ಪಗಾನ್‌ಗೆ ನೋಡಬೇಕಿರುವುದು ಹಣದ ಪೆಟ್ಟಿಗೆಯನ್ನು ಮಾತ್ರ.

ಆದ್ದರಿಂದ ಅಧ್ಯಾಪಕರಲ್ಲಿ ಒಂದು ವಿನಂತಿ. ಮುಂದಿನ ತಿಂಗಳು ಒಂದು ಪೀರಿಯಡ್ ಕೊಡಿ. ಪಾತ್ರಗಳನ್ನು ಹಂಚಿಕೊಂಡು ಸಾಲದ ದೃಶ್ಯವನ್ನು ಗಟ್ಟಿಯಾಗಿ ಓದೋಣ. ಅಕೌಂಟೆನ್ಸಿ ಅಧ್ಯಾಪಕರು ಅದೇ ಹೊತ್ತಿಗೆ ಬೋರ್ಡ್ ಮೇಲೆ ಬಡ್ಡಿಯ ಲೆಕ್ಕ ಬರೆಯಲಿ. ಕಂಜೂಸ್ ಹಾರ್ಪಗಾನ್‌ನ ಪಾತ್ರಕ್ಕೆ ಹೆಸರು ಕೊಡಲು ನಾನು ಸಿದ್ಧ.