ಪ್ರಮಾಣವೂ ಪ್ರತಿಷ್ಠೆಯೂ

ಸಾರ್ವಜನಿಕ ವಿಷಯಗಳನ್ನು ಕುರಿತು ನಮ್ಮಲ್ಲಿ ಇಂದು ನಡೆಯುವ ಚರ್ಚೆಗಳಲ್ಲಿ ಮಾತಿಗೆ ಬರಗಾಲವಿಲ್ಲ. ಪ್ರಮಾಣಕ್ಕೆ ಮಾತ್ರ ಬರಗಾಲವಿದೆ. ವಿಜ್ಞಾನದ ವಿಷಯವಾಗಲಿ, ಮತಧರ್ಮದ ವಿಷಯವಾಗಲಿ, ರಾಜಕಾರಣದ ವಿಷಯವಾಗಲಿ, ಒಂದು ಮಾತು ಹೊರಬಿದ್ದೊಡನೆ ಜನರು ಮೊದಲು ಕೇಳುವ ಪ್ರಶ್ನೆ, "ಇದನ್ನು ಹೇಳಿದವರು ಯಾರು? ನಮ್ಮ ಪಕ್ಷದವರೋ, ಎದುರು ಪಕ್ಷದವರೋ?" ಎಂಬುದು. "ಇದಕ್ಕೆ ಆಧಾರವೇನು?" ಎಂಬ ಪ್ರಶ್ನೆ ಬಹಳ ತಡವಾಗಿ ಬರುತ್ತದೆ, ಅನೇಕ ವೇಳೆ ಬರುವುದೇ ಇಲ್ಲ. ನಮ್ಮ ನೈಯಾಯಿಕರು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ತತ್ತ್ವನಿರ್ಣಯಕ್ಕಾಗಿ ನಡೆಯತಕ್ಕದ್ದು ವಾದ. ಹೇಗಾದರೂ ಗೆಲ್ಲಬೇಕೆಂಬ ಹಟದಿಂದ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೊಂದನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದಷ್ಟೇ ವಿತಂಡ. ಶಾಸನಸಭೆಗಳಿಂದ ಹಿಡಿದು ದೂರದರ್ಶನದ ಚರ್ಚಾಕೂಟಗಳವರೆಗೆ, ಅಲ್ಲಿಂದ ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲಿನವರೆಗೆ, ಇಂದು ಕಾಣುವುದರಲ್ಲಿ ವಾದವೆಷ್ಟು, ಉಳಿದೆರಡು ಎಷ್ಟು ಎಂಬುದನ್ನು ವಾಚಕರೇ ನಿರ್ಣಯಿಸಬಹುದು.

ವಾದವು ಹೇಗಿರಬೇಕೆಂಬುದಕ್ಕೆ ನಮ್ಮ ರಾಷ್ಟ್ರೀಯ ಚರಿತ್ರೆಯಲ್ಲಿಯೇ ಒಂದು ಉಜ್ಜ್ವಲ ನಿದರ್ಶನವಿದೆ. ೧೯೩೪ನೆಯ ಜನವರಿ ೧೫ರ ಮಧ್ಯಾಹ್ನ ಉತ್ತರ ಬಿಹಾರವೂ ನೇಪಾಳವೂ ಭೀಕರ ಭೂಕಂಪಕ್ಕೆ ತುತ್ತಾದವು. ಮುಂಗೇರ, ಮುಜಫ್ಫರಪುರ ಮೊದಲಾದ ಪಟ್ಟಣಗಳು ಹಾಳಾದವು. ಎರಡೂ ದೇಶಗಳಲ್ಲಿ ಕೂಡಿ ಹತ್ತು ಸಾವಿರಕ್ಕೂ ಮಿಕ್ಕಿ ಜನ ಮಡಿದರು. ಹೊಲಗದ್ದೆಗಳಲ್ಲಿ ನೆಲ ಬಿರಿದು ನೀರೂ ಮರಳೂ ಬುಗ್ಗೆಯಾಗಿ ಚಿಮ್ಮಿದವು. ಆಗ ಮಹಾತ್ಮಾ ಗಾಂಧಿಯವರು ಅಸ್ಪೃಶ್ಯತಾ ನಿವಾರಣೆಗಾಗಿ ದಕ್ಷಿಣದೇಶದಲ್ಲಿ ಸಂಚರಿಸುತ್ತಿದ್ದರು. ಅದೇ ಯಾತ್ರೆಯಲ್ಲಿ ಮುಂದಿನ ತಿಂಗಳು ಕೊಡಗು, ಮಂಗಳೂರುಗಳಿಗೂ ಬಳಿಕ ಬೆಳಗಾವಿಗೂ ಬಂದರು. ಜನವರಿ ೨೪ರಂದು ತಿರುನಲ್ವೇಲಿಯಲ್ಲಿ ಮಾತನಾಡುತ್ತ ಅವರು, ಬಿಹಾರದ ಈ ವಿಪತ್ತು ನಮ್ಮ ಪಾಪಗಳಿಗಾಗಿ, ಮುಖ್ಯವಾಗಿ ಅಸ್ಪೃಶ್ಯತೆಯೆಂಬ ಪಾಪಕ್ಕಾಗಿ, ಪರಮಾತ್ಮನು ವಿಧಿಸಿದ ದಂಡನೆಯೆಂದು ತಾವು ನಂಬುವುದಾಗಿ ಹೇಳಿದರು.

ಹೇಳಿದವರು ರಾಷ್ಟ್ರದ ಪೂಜ್ಯ ನಾಯಕರು. ಹೇಳಿದ ಉದ್ದೇಶವೂ ಪರಮ ಪವಿತ್ರವಾದುದು. ದೇಶವೆಲ್ಲ ಪರರಾಜ್ಯದೊಡನೆ ಹೋರಾಡುತ್ತಿರುವಾಗ ಇಂತಹ ಮಾತನ್ನು ಬಹಿರಂಗವಾಗಿ ಅಲ್ಲಗಳೆಯುವುದು ವಿರೋಧಿಗಳಿಗೆ ಅಸ್ತ್ರ ಕೊಟ್ಟಂತಾದೀತೆಂದು ಯಾರೂ ಭಾವಿಸಬಹುದಾಗಿತ್ತು. ಆದರೂ ಕವಿ ರವೀಂದ್ರನಾಥ ಠಾಕೂರರು ಸುಮ್ಮನಿರಲಿಲ್ಲ. ಅವರು ಗಾಂಧಿಯವರ ಪ್ರತಿಕಕ್ಷಿಗಳಾಗಿರಲಿಲ್ಲ. ಅಸ್ಪೃಶ್ಯತೆಯ ವಿಷಯದಲ್ಲಿ ಇಬ್ಬರದೂ ಒಂದೇ ಮನಸ್ಸು. ೧೯೩೨ನೆಯ ಸೆಪ್ಟೆಂಬರಿನಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧಿಯವರು ಉಪವಾಸವನ್ನು ಮುಗಿಸಿದಾಗ ಕವಿಗಳು ಅವರ ಬಳಿಯಲ್ಲಿಯೇ ಇದ್ದರು. ಅಂತಹ ಸ್ನೇಹಿತರು, ಭೌತಿಕ ಉತ್ಪಾತಗಳಿಗೆ ಭೌತಿಕ ಕಾರಣಗಳೇ ಇರುತ್ತವೆಯೆಂದು ಸ್ಪಷ್ಟವಾಗಿ ಬರೆದರು. ನೀತಿಯ ತತ್ತ್ವಗಳನ್ನು ಪ್ರಕೃತಿಯ ವ್ಯಾಪಾರಗಳೊಡನೆ ಹೀಗೆ ಗಂಟುಹಾಕಿದರೆ, ದೋಷಿ ನಿರ್ದೋಷಿಗಳನ್ನು ಒಟ್ಟಿಗೆ ನೆಲಸಮಮಾಡಿ ಪಾಠಕಲಿಸುವ ದೇವರಿಗಿಂತ ಮನುಷ್ಯನೇ ನೀತಿವಂತನೆಂದು ಒಪ್ಪಬೇಕಾಗುತ್ತದೆಯೆಂದೂ ತೋರಿಸಿಕೊಟ್ಟರು. ಎಲ್ಲಕ್ಕಿಂತ ಮುಖ್ಯವಾದ ಮಾತನ್ನೂ ಅವರು ಮರೆಯಲಿಲ್ಲ: ಈ ತರ್ಕವು ಗಾಂಧಿಯವರಿಗಿಂತ ಅವರ ವಿರೋಧಿಗಳಿಗೇ ಹೆಚ್ಚು ಅನುಕೂಲವಾದುದು, ಈ ದೈವಕೋಪಕ್ಕೆ ಮಹಾತ್ಮರೂ ಅವರ ಅನುಯಾಯಿಗಳೂ ಕಾರಣರೆಂದು ಸನಾತನಿಗಳು ಹೇಳಿದ್ದರೂ ತಮಗೆ ಆಶ್ಚರ್ಯವಾಗುತ್ತಿರಲಿಲ್ಲವೆಂದರು.

ಗಾಂಧಿಯವರು ಈ ಖಂಡನೆಯನ್ನು ಅಡಗಿಸಲಿಲ್ಲ; ಬರೆದವರ ದೇಶಭಕ್ತಿಯನ್ನು ಶಂಕಿಸಲೂ ಇಲ್ಲ. ಫೆಬ್ರವರಿ ೧೬ರ 'ಹರಿಜನ' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿ, ಅದೇ ಸಂಚಿಕೆಯಲ್ಲಿ ತಮ್ಮ ಉತ್ತರವನ್ನೂ ಬರೆದರು. ತಮ್ಮ ನಂಬಿಕೆಯನ್ನು ಅವರು ಬಿಡಲಿಲ್ಲ. ಆದರೆ ಅಸ್ಪೃಶ್ಯತೆಗೂ ಭೂಕಂಪಕ್ಕೂ ಇರುವ ಸಂಬಂಧವನ್ನು ತಾವು ಸಾಧಿಸಿ ತೋರಿಸಲಾರೆವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಜವಾಹರಲಾಲ ನೆಹರೂ ಅವರು ತಮ್ಮ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಪ್ರಸ್ತಾಪಿಸಿ, ತಾವು ಸಂಪೂರ್ಣವಾಗಿ ಕವಿಗಳ ಪಕ್ಷವೆಂದು ಬರೆದಿದ್ದಾರೆ. ಇಷ್ಟಾಗಿಯೂ ಸ್ನೇಹವು ಕೆಡಲಿಲ್ಲ. ರಾಷ್ಟ್ರೀಯ ಚಳವಳಿಯೂ ಒಡೆಯಲಿಲ್ಲ.

ಈ ಪ್ರಸಂಗದಿಂದ ನಾವು ಕಲಿಯಬೇಕಾದುದೇನು? ವಸ್ತುಸ್ಥಿತಿಯನ್ನು ಕುರಿತ ಮಾತು, ಆಡಿದವರ ಹಿರಿಮೆಯಿಂದಲೂ ಸತ್ಯವಾಗದು, ಅದರಿಂದಾಗಬಹುದಾದ ಸತ್ಕಾರ್ಯದಿಂದಲೂ ಸತ್ಯವಾಗದು ಎಂಬುದೇ ನಮ್ಮ ಅಭಿಪ್ರಾಯ. ಅಸ್ಪೃಶ್ಯತೆ ಆಗ ಭಾರತದ ಎಲ್ಲ ಪ್ರಾಂತಗಳಲ್ಲಿಯೂ ಇತ್ತು. ದಂಡನೆ ಬಿಹಾರಕ್ಕೂ ನೇಪಾಳಕ್ಕೂ ಮಾತ್ರ ಏಕೆ? ಸತ್ತವರಲ್ಲಿ ಆ ಪಾಪವನ್ನು ಮಾಡಿದವರಂತೆ ಅದನ್ನು ಅನುಭವಿಸಿದವರೂ ಇರಲಿಲ್ಲವೆ? ಒಂದೇ ಹೇತುವಿನಿಂದ ಸುಧಾರಕನು ತನ್ನ ಪಕ್ಷವನ್ನೂ, ಸುಧಾರಣೆಯ ವೈರಿಯು ಅದಕ್ಕೆ ತೀರ ವಿರುದ್ಧವಾದ ಪಕ್ಷವನ್ನೂ ಸಾಧಿಸಿಕೊಳ್ಳಬಹುದಾದರೆ, ಆ ಹೇತು ಯಾವ ಪಕ್ಷಕ್ಕೂ ಪ್ರಮಾಣವಲ್ಲ. ಮೇಲಾಗಿ, ಅಸ್ಪೃಶ್ಯತೆ ಅನ್ಯಾಯವೆಂಬುದಕ್ಕೆ ಭೂಮಿಯ ಸಾಕ್ಷ್ಯ ಬೇಕಾಗಿಯೇ ಇರಲಿಲ್ಲ. ನೀರು ಸೇದಗೊಡದ ಬಾವಿಯೂ, ಮುಚ್ಚಿದ ದೇವಾಲಯದ ಬಾಗಿಲೂ, ಮಕ್ಕಳನ್ನು ಹೊರಗೆ ಕೂರಿಸಿದ ಶಾಲೆಯೂ ಪ್ರತ್ಯಕ್ಷ ಪ್ರಮಾಣಗಳೇ ಆಗಿದ್ದವು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ್ದು ಮನುಷ್ಯರು ಸಮಾನರೆಂಬ ನ್ಯಾಯದ ಮೇಲೆಯೇ ಹೊರತು ದೈವಕೋಪದ ಭಯದಿಂದಲ್ಲ. ಗಟ್ಟಿಯಾದ ಅಡಿಪಾಯವಿರುವ ಕಟ್ಟಡಕ್ಕೆ ಹುಸಿ ಕಂಬವನ್ನು ಆಸರೆಗಿಟ್ಟರೆ, ಕಂಬವು ಬಿದ್ದ ದಿನ ಕಟ್ಟಡವೇ ದುರ್ಬಲವೆಂದು ಜನರು ತಿಳಿಯುವ ಅಪಾಯವುಂಟು.

ಕಾರಣವನ್ನು ಸರಿಯಾಗಿ ಅರಸುವುದರಲ್ಲಿ ಜನರ ಪ್ರಾಣವೂ ಅಡಗಿರುತ್ತದೆ. ಬಿಹಾರದ ಭೂಕಂಪವನ್ನು ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಅಧಿಕಾರಿಗಳು ಸ್ಥಳಸ್ಥಳದಲ್ಲಿ ತನಿಖೆಮಾಡಿ ೧೯೩೯ರಲ್ಲಿ ಸವಿಸ್ತಾರವಾದ ವರದಿಯನ್ನು ಪ್ರಕಟಿಸಿದರು. ಭಾರತದ ಭೂಫಲಕವು ಹಿಮಾಲಯದ ಕೆಳಗೆ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಂತೆ ನುಗ್ಗುತ್ತಿರುವುದೂ, ಹಾಗೆ ಕೂಡಿಬಂದ ಒತ್ತಡ ಒಮ್ಮೆಗೆ ಬಿಡುಗಡೆಯಾದಾಗ ಭೂಮಿ ನಡುಗುವುದೂ ಈಗ ತಿಳಿದ ವಿಷಯ. ೧೯೩೪ರಲ್ಲಿ ನೆಲ ಸೀಳಿದ ಗುರುತನ್ನು ನೇಪಾಳದ ತಪ್ಪಲಿನಲ್ಲಿ ಅಗೆದು ಕಂಡುಹಿಡಿದ ಶೋಧನೆ ೨೦೧೩ರಲ್ಲಿ ಪ್ರಕಟವಾಯಿತು. ಇದಕ್ಕಿಂತಲೂ ಮನನೀಯವಾದುದು ಕ್ವೆಟ್ಟಾದ ಸಂಗತಿ. ೧೯೩೧ರಲ್ಲಿ ಬಲೂಚಿಸ್ಥಾನದಲ್ಲಿ ಭೂಕಂಪವಾದ ಮೇಲೆ ಎಸ್. ಎಲ್. ಕುಮಾರ್ ಎಂಬ ರೈಲ್ವೆ ಇಂಜಿನಿಯರು, ಕಂಪನವನ್ನು ತಡೆಯಬಲ್ಲ ವಸತಿಗೃಹಗಳನ್ನು ಕ್ವೆಟ್ಟಾದ ರೈಲ್ವೆ ನೌಕರರಿಗಾಗಿ ಯೋಜಿಸಿದರು. ೧೯೩೫ನೆಯ ಮೇ ೩೧ರ ಬೆಳಗಿನ ಜಾವ ಕ್ವೆಟ್ಟಾ ನಗರ ನೆಲಸಮವಾಗಿ ಸಾವಿರಾರು ಜನ ಸತ್ತರು; ಆ ಗೃಹಗಳು ಮಾತ್ರ ನಿಂತವು. ೧೯೯೩ನೆಯ ಸೆಪ್ಟೆಂಬರ್ ೩೦ರಂದು ನಮ್ಮ ಗಡಿಗೆ ಸಮೀಪದ ಲಾತೂರು ಸೀಮೆಯಲ್ಲಿ ಭೂಕಂಪವಾದಾಗ ಅಸಂಖ್ಯ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಭಾರವಾದ ಕಲ್ಲುಗೋಡೆಗಳೂ ದಪ್ಪ ಮಣ್ಣಿನ ಮಾಳಿಗೆಗಳೂ. ಕಾರಣವು ಪಾಪವೆಂದರೆ ಪ್ರಾಯಶ್ಚಿತ್ತದಲ್ಲಿ ಕೆಲಸ ಮುಗಿಯಿತು. ಕಾರಣವು ಗೋಡೆಯೆಂದು ತಿಳಿದರೆ ಗೋಡೆಯನ್ನು ಬೇರೆ ರೀತಿಯಲ್ಲಿ ಕಟ್ಟಬಹುದು.

ಹೀಗೆಂದರೆ ಧರ್ಮಕ್ಕೆ ಚ್ಯುತಿ ಬಂದೀತೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಕ್ಕೆ ಉತ್ತರವನ್ನು ಹೊರದೇಶದಿಂದ ತರಬೇಕಾಗಿಲ್ಲ. ನೂರು ಶ್ರುತಿಗಳು ಒಂದಾಗಿ ಬೆಂಕಿ ತಣ್ಣಗಿದೆಯೆಂದು ಹೇಳಿದರೂ ಆ ವಿಷಯದಲ್ಲಿ ಅವು ಪ್ರಮಾಣವಾಗಲಾರವೆಂದು ಶ್ರೀ ಶಂಕರಾಚಾರ್ಯರೇ ತಮ್ಮ ಗೀತಾಭಾಷ್ಯದಲ್ಲಿ ನಿರ್ಣಯಿಸಿದ್ದಾರೆ. ಶಬ್ದಪ್ರಮಾಣಕ್ಕೆ ಅದರ ಕ್ಷೇತ್ರವಿದೆ. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಅವುಗಳ ಕ್ಷೇತ್ರವಿದೆ. ಮನುಷ್ಯನು ಹೇಗೆ ಬಾಳಬೇಕೆಂಬುದನ್ನು ಧರ್ಮವು ಹೇಳಲಿ. ಅದನ್ನು ಭೂಕಂಪಮಾಪಕವು ಹೇಳಲಾರದು. ಆದರೆ ಭೂಮಿ ಏಕೆ ನಡುಗಿತೆಂದು ಹೇಳಲು ಬಂದ ಮಾತು, ಮಠದಿಂದ ಬರಲಿ, ಪಕ್ಷದ ಕಚೇರಿಯಿಂದ ಬರಲಿ, ಪರೀಕ್ಷೆಗೆ ನಿಲ್ಲಲೇಬೇಕು.

ವಿಜ್ಞಾನಿಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ. ಭೂಖಂಡಗಳು ಚಲಿಸುತ್ತವೆಯೆಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ ೧೯೧೨ರಲ್ಲಿ ಪ್ರತಿಪಾದಿಸಿದಾಗ ದೊಡ್ಡ ದೊಡ್ಡ ಭೂವಿಜ್ಞಾನಿಗಳೇ ಅದನ್ನು ತಳ್ಳಿಹಾಕಿದರು. ೧೯೬೦ರ ದಶಕದಲ್ಲಿ ಸಮುದ್ರತಳದ ಪರೀಕ್ಷೆಯಿಂದ ಬಲವಾದ ಸಾಕ್ಷ್ಯಗಳು ದೊರೆತ ಬಳಿಕ ಆ ಮಾತು ಮಾನ್ಯವಾಯಿತು. ಅಲ್ಲಿ ಸೋತದ್ದು ವಿದ್ವಾಂಸರ ಪ್ರತಿಷ್ಠೆ, ಗೆದ್ದದ್ದು ಸಾಕ್ಷ್ಯ. ಆದಕಾರಣ ಎಲ್ಲವನ್ನೂ ಅಲ್ಲಗಳೆಯುವುದೇ ವಿಚಾರವಂತಿಕೆಯೆಂದು ತಿಳಿಯುವವರೂ ವಿತಂಡವಾದಿಗಳೇ. ಸಂಶಯಪಡುವವನು ಯಾವ ಸಾಕ್ಷ್ಯ ದೊರೆತರೆ ತಾನು ಒಪ್ಪುವೆನೆಂಬುದನ್ನೂ ಹೇಳಬೇಕು.

ರಾಷ್ಟ್ರಾಭಿಮಾನಿಗಳಾದ ನಾವು ಈ ಪರೀಕ್ಷೆಯನ್ನು ನಮ್ಮ ಕಡೆಯ ಮಾತಿಗೇ ಮೊದಲು ಅನ್ವಯಿಸಬೇಕು. ಪ್ರಾಚೀನ ಭಾರತದಲ್ಲಿ ವಿಮಾನಗಳಿದ್ದವೆಂಬುದಕ್ಕೆ 'ವೈಮಾನಿಕ ಶಾಸ್ತ್ರ'ವೆಂಬ ಗ್ರಂಥವನ್ನು ಆಧಾರವಾಗಿ ತೋರಿಸುವವರು ಇಂದೂ ಇದ್ದಾರೆ. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದರ ಭಾಷೆಯನ್ನೂ ಚಿತ್ರಗಳನ್ನೂ ಯಂತ್ರವಿವರಣೆಯನ್ನೂ ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ಆರಂಭದ ರಚನೆಯೆಂದೂ, ಅದರಲ್ಲಿ ವರ್ಣಿಸಿದ ವಾಹನಗಳು ಹಾರಲಾರವೆಂದೂ ಸಿದ್ಧಪಡಿಸಿದರು. ಇದರಿಂದ ದೇಶದ ಕೀರ್ತಿಗೆ ಕುಂದೇನೂ ಇಲ್ಲ. ೪೯೯ರಲ್ಲಿ ಆರ್ಯಭಟನು ಗ್ರಹಣಗಳಿಗೆ ಭೂಮಿ ಚಂದ್ರರ ನೆರಳೇ ಕಾರಣವೆಂದು ಗಣಿತದಿಂದ ವಿವರಿಸಿದನು. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತದೆಯೆಂದೂ ಹೇಳಿದನು. ಇಂತಹ ನಿಜವಾದ ನಿಧಿಯಿರುವ ಮನೆಯವರು ಖೋಟಾ ನಾಣ್ಯವನ್ನು ಬೀದಿಯಲ್ಲಿ ಪ್ರದರ್ಶಿಸಿದರೆ, ನೋಡುವವರು ನಿಧಿಯನ್ನೂ ಶಂಕಿಸತೊಡಗುತ್ತಾರೆ.

ಗಾಂಧಿಯವರ ಅನುಯಾಯಿಯಾಗಿದ್ದೂ ಪ್ರಮಾಣವಿಲ್ಲದ ಮಾತನ್ನು ಒಪ್ಪದೆ ಬಾಳಬಹುದೆಂಬುದನ್ನು ನಮ್ಮ ನಾಡಿನಲ್ಲಿಯೇ ಡಾ. ಎಚ್. ನರಸಿಂಹಯ್ಯನವರು ತೋರಿಸಿಕೊಟ್ಟರು. ಖಾದಿಯನ್ನುಟ್ಟು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಯನ್ನು ಕಂಡ ಈ ಭೌತವಿಜ್ಞಾನಿಗಳು, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ ೧೯೭೬ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನು ನೇಮಿಸಿದರು. ವಿಶ್ವವಿದ್ಯಾಲಯಕ್ಕೆ ಈ ಉಸಾಬರಿಯೇಕೆಂದು ಗೊಣಗಿದವರಿದ್ದರು. ಆದರೆ ವೈಜ್ಞಾನಿಕ ಮನೋಧರ್ಮವನ್ನೂ ಪರಿಶೀಲನ ಬುದ್ಧಿಯನ್ನೂ ಬೆಳೆಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಅದೇ ವರ್ಷದ ೪೨ನೆಯ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿಯೇ ಬರೆಯಲಾಯಿತು. ಆ ಕರ್ತವ್ಯದಿಂದ ವಿದ್ಯಾವಂತರಿಗೂ ಅಧಿಕಾರಿಗಳಿಗೂ ವಿನಾಯಿತಿಯಿಲ್ಲ.

ಆದುದರಿಂದ ನಮ್ಮ ವಿಜ್ಞಾಪನೆ ಇಷ್ಟೆ. ಸಭೆಯಲ್ಲಾಗಲಿ ಕಚೇರಿಯಲ್ಲಾಗಲಿ ಒಂದು ವಾರ್ತೆಯನ್ನು ಮುಂದಕ್ಕೆ ದಾಟಿಸುವ ಮೊದಲು, ಇದನ್ನು ಕಣ್ಣಾರೆ ಕಂಡವರು ಯಾರು, ಇದು ಸುಳ್ಳಾಗಿದ್ದರೆ ಹೇಗೆ ಗೊತ್ತಾಗುತ್ತಿತ್ತು, ಇದೇ ತರ್ಕವನ್ನು ಎದುರು ಪಕ್ಷದವರು ಹೂಡಿದ್ದರೆ ನಾವು ಒಪ್ಪುತ್ತಿದ್ದೆವೆ ಎಂದು ಕೇಳಿಕೊಳ್ಳಬೇಕು. ಅರ್ಜಿಯ ಮೇಲೆ ಅಪ್ಪಣೆ ಬರೆಯುವ ಅಧಿಕಾರಿಯು ಕಡತದಲ್ಲಿ ಸಾಕ್ಷ್ಯವನ್ನು ಹುಡುಕುವಂತೆ, ಮತ ಹಾಕುವ ನಾಗರಿಕನು ತನ್ನ ನಾಯಕನ ಭಾಷಣದಲ್ಲಿಯೂ ಸಾಕ್ಷ್ಯವನ್ನು ಹುಡುಕಲಿ. ಪತ್ರಿಕೆಗಳು ಮೊದಲಾಗಿ ಅಭಿಪ್ರಾಯವನ್ನು ರೂಪಿಸುವವರೆಲ್ಲರೂ, ತಮ್ಮ ಮಾತಿನ ಖಂಡನೆಯನ್ನು ತಮ್ಮ ಅಂಕಣದಲ್ಲಿಯೇ ಅಚ್ಚುಹಾಕಿದ ಗಾಂಧಿಯವರ ಮೇಲ್ಪಂಕ್ತಿಯನ್ನು ಅನುಸರಿಸಲಿ. ಸ್ನೇಹಿತರ ತಪ್ಪನ್ನು ತಪ್ಪೆಂದು ಹೇಳಿದ ಠಾಕೂರರ ಧೈರ್ಯವೂ, ಹೇಳಿದವರನ್ನು ಶತ್ರುವೆಂದು ಎಣಿಸದ ಗಾಂಧಿಯವರ ಔದಾರ್ಯವೂ ಒಟ್ಟಿಗೆ ಬೆಳೆದಾಗ ಮಾತ್ರ ನಮ್ಮ ಪ್ರಜಾರಾಜ್ಯದ ಚರ್ಚೆಗೆ ವಾದವೆಂಬ ಹೆಸರು ಸಲ್ಲುವುದು.